ಸ್ಟೇಷನ್ ಇಲ್ಲದ ಹೊತ್ತಿನ ಸಂದರ್ಶನ

ಈಗಲೂ ವರ್ಷಕ್ಕೆ ಇಬ್ಬರೋ ಮೂವರೋ ನನ್ನ ಮನೆ ಜಗಲಿಗೆ ಬಂದು ಕೂರುತ್ತಾರೆ. ಕೈಯಲ್ಲಿ ಸಂದರ್ಶನದ ಪತ್ರ ಇರುತ್ತದೆ. ಲೈನ್‌ಮನ್ ಕೆಲಸವೋ, ಟೆಲಿಫೋನ್ ಮೆಕ್ಯಾನಿಕ್ ಕೆಲಸವೋ, ಪಂಪ್‌ಹೌಸ್ ಆಪರೇಟರ್ ಕೆಲಸವೋ, ಒಟ್ಟಿನಲ್ಲಿ ಯಂತ್ರದ ಜೊತೆ ಏಗುವ ನೌಕರಿ. ನೀವು ಎಷ್ಟೋ ಜನರನ್ನು ಆರಿಸಿದವರು, ಹತ್ತು ಜನರ ನಡುವೆ ಎದ್ದು ಕಾಣಬೇಕಾದರೆ ಏನು ಮಾಡಬೇಕು ಹೇಳಿ ಎನ್ನುತ್ತಾರೆ. ಶರಟಿಗೆ ಇಸ್ತ್ರಿ ಹಾಕಿಕೊಂಡು ಹೋಗಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಏನೋ ಒಂದು ಹೇಳಿ, ಕಾಫಿ ಕುಡಿಸಿ ಕಳಿಸುತ್ತೇನೆ. ನಿಜವಾದ ಉತ್ತರ ಹೇಳುವುದಕ್ಕೆ ಅರ್ಧ ದಿನ ಬೇಕು, ಬಸ್ಸಿಗೆ ಹೊರಟವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಅದೂ ಅಲ್ಲದೆ ಆ ಉತ್ತರದಲ್ಲಿ ನನ್ನ ಮಾನ ಹೋಗುವ ಸಂಗತಿ ಇದೆ. ಎದುರಿಗೆ ಕೂತವರಿಗೆ ಹೇಳುವುದಕ್ಕಿಂತ ಬರೆಯುವುದು ಸುಲಭ, ಬರೆಯುವಾಗ ಯಾರೂ ನಮ್ಮ ಮುಖ ನೋಡುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ. ಸರ್ಕಾರ ಹಳ್ಳಿಗಳಿಗೆ ಪಂಚಾಯಿತಿ ರೇಡಿಯೋ ಹಂಚುತ್ತಿದ್ದ ಕಾಲ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿಗೆ ಸೇರಿ ನಾನೊಬ್ಬನೇ ರೇಡಿಯೋ ಮೆಕ್ಯಾನಿಕ್. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಕಚೇರಿ. ಅದರಲ್ಲಿ ನಾನು, ಮತ್ತು ಅಟೆಂಡರ್ ದ್ಯಾವಪ್ಪ. ದ್ಯಾವಪ್ಪ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು, ನನಗಿಂತ ಇಪ್ಪತ್ತು ಪಾಲು ಅಚ್ಚುಕಟ್ಟು. ಮೇಜಿನ ಮೇಲೆ ಒಂದು ಸ್ಕ್ರೂ ಬಿದ್ದಿದ್ದರೂ ಅದನ್ನು ಒರೆಸಿ, ಡಬ್ಬಿಗೆ ಹಾಕಿ, ಯಾವ ಡಬ್ಬಿಗೆ ಹಾಕಿದೆ ಎಂಬುದನ್ನು ಮರೆತುಬಿಡುತ್ತಿದ್ದ.

ಆಗ ಹಳ್ಳಿಗಳಿಗೆ ಕರೆಂಟ್ ಇರಲಿಲ್ಲ. ಸೆಟ್ಟು ನಡೆಯುತ್ತಿದ್ದದ್ದು ಇಟ್ಟಿಗೆಗಿಂತ ದಪ್ಪನೆಯ ಒಣ ಬ್ಯಾಟರಿಯಲ್ಲಿ. ಈಗಿನವರ ಹಾಗೆ ಮುಳ್ಳು ತಿರುಗಿಸಿ ಬೇಕಾದ ಸ್ಟೇಷನ್ ಹುಡುಕುವ ಹಾಗಿರಲಿಲ್ಲ. ಒಂದೇ ಸ್ಟೇಷನ್ನಿಗೆ ಕಟ್ಟಿಹಾಕಿ ಕೊಟ್ಟಿರುತ್ತಿದ್ದರು. ಹಾಕುವುದಕ್ಕೆ, ಆರಿಸುವುದಕ್ಕೆ, ದನಿ ಏರಿಸುವುದಕ್ಕೆ ಒಂದು ಗುಂಡಿ, ಅಷ್ಟೆ. ಊರ ಚಾವಡಿಯಲ್ಲಿ ಮರದ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಡುತ್ತಿದ್ದರು, ಬೀಗದ ಕೈ ಪಂಚಾಯಿತಿ ಹೇಳಿದ ಒಬ್ಬರ ಹತ್ತಿರ. ಸ್ಟೇಷನ್ ಕೂಡ ಇಡೀ ದಿನ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಸ್ವಲ್ಪ, ಊಟದ ಹೊತ್ತಿಗೆ ಸ್ವಲ್ಪ, ಮತ್ತೆ ಸಂಜೆ. ಉಳಿದ ಹೊತ್ತಿನಲ್ಲಿ ಗುಂಡಿ ತಿರುಗಿಸಿದರೆ ಬರೀ ಬುಸ್ ಎನ್ನುವ ಸದ್ದು.

ಈ ಕೆಲಸದ ನಿಜವಾದ ಕಷ್ಟ ಇಲ್ಲಿತ್ತು. ಬಸ್ಸು ನನ್ನನ್ನು ಹಳ್ಳಿಗೆ ಇಳಿಸುತ್ತಿದ್ದದ್ದು ಎರಡು ಗಂಟೆಗೆ, ಹತ್ತಿಸಿಕೊಳ್ಳುತ್ತಿದ್ದದ್ದು ನಾಲ್ಕಕ್ಕೆ. ಆ ಎರಡು ಗಂಟೆ ಸ್ಟೇಷನ್ ಮಲಗಿರುತ್ತಿತ್ತು. ಅಂದರೆ ನಾನು ರಿಪೇರಿ ಮಾಡಿದ ಸೆಟ್ಟು ಮಾತಾಡುವುದನ್ನು ನಾನೇ ಕೇಳದೆ ಬಸ್ಸು ಹತ್ತಬೇಕು. ಸಂಜೆ ಊರೆಲ್ಲ ಚಾವಡಿಗೆ ಬಂದು ಕೂತಮೇಲೆ ಅದು ಮಾತಾಡಿದರೆ ಆಯಿತು, ಇಲ್ಲದಿದ್ದರೆ ಮೂರು ದಿನ ಕಳೆದು ಒಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಬರೆದಿರುತ್ತಿದ್ದದ್ದನ್ನು ಇಲ್ಲಿ ಬರೆಯುವಂತಿಲ್ಲ.

ನನ್ನ ಮೊದಲ ಎಡವಟ್ಟು ಹೊಸಬಾಳೆಯಲ್ಲಿ ಆಯಿತು. ಬ್ಯಾಟರಿಯಲ್ಲಿ ಎರಡು ಜೋಡಿ ತಂತಿ ಇರುತ್ತವೆ, ಒಂದು ಜೋಡಿಯಲ್ಲಿ ಹೆಚ್ಚು ವೋಲ್ಟು, ಇನ್ನೊಂದರಲ್ಲಿ ತೀರಾ ಕಮ್ಮಿ. ಅದಲುಬದಲಾದರೆ ಸೆಟ್ಟಿನೊಳಗಿನ ಗಾಜಿನ ವಾಲ್ವುಗಳ ಗತಿ ಮುಗಿಯಿತು. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ, ಸುತ್ತ ಹತ್ತು ಜನ ನಿಂತು ನೋಡುತ್ತಿದ್ದರು, ನಾನು ಜೋರಾಗಿ ವಿವರಿಸುತ್ತಾ ತಂತಿ ಸೇರಿಸಿದೆ. ನಾಲ್ಕು ವಾಲ್ವೂ ಒಮ್ಮೆ ಮಿಂಚಿ ಆರಿದವು. ನೋಡುತ್ತಿದ್ದವರು ಆ ಮಿಂಚನ್ನು ಶುಭಸೂಚನೆ ಅಂದುಕೊಂಡರು. ಬ್ಯಾಟರಿ ಹಳತಾಗಿದೆ, ಹೊಸದು ಬಂದಮೇಲೆ ಬರುತ್ತೇನೆ ಎಂದು ಪಟೇಲರಿಗೆ ಹೇಳಿ ಬಸ್ಸು ಹತ್ತಿದೆ. ವಾರ ಬಿಟ್ಟು ಜೇಬಿನಲ್ಲಿ ಹೊಸ ವಾಲ್ವು ಇಟ್ಟುಕೊಂಡು ಹೋಗಿ, ಯಾರಿಗೂ ಕಾಣದಂತೆ ಹಾಕಿ ಬಂದೆ. ಸಿಕ್ಕಿಬೀಳಲಿಲ್ಲ ಎಂದು ಆಗ ಖುಷಿಪಟ್ಟಿದ್ದೆ. ನನ್ನ ಗುಣ ಎಂಥದ್ದು ಎಂದು ನನಗೆ ಆವತ್ತೇ ಗೊತ್ತಾಗಬೇಕಿತ್ತು.

ಜನರ ಎಡವಟ್ಟುಗಳು ನನ್ನವಕ್ಕಿಂತ ಪ್ರೀತಿಯವು. ಬ್ಯಾಟರಿ ಸೋತರೆ ಹಪ್ಪಳದ ಪಕ್ಕ ಬಿಸಿಲಿಗೆ ಇಡುತ್ತಿದ್ದರು. ಒಂದೆರಡು ದಿನ ಅದು ನಿಜವಾಗಿಯೂ ಚೇತರಿಸಿಕೊಳ್ಳುತ್ತಿತ್ತು, ಹಾಗಾಗಿ ಬೈಯುವ ಹಾಗೂ ಇರಲಿಲ್ಲ. ಕುಬಟೂರಿನವರು ಆಯುಧಪೂಜೆಗೆ ಸೆಟ್ಟನ್ನು ಹೊರಗೆ ತಂದು, ನೇಗಿಲು ಕುಡುಗೋಲುಗಳ ಸಾಲಿನಲ್ಲಿ ಕೂರಿಸಿ, ಎದುರಿನ ಜಾಲರಿಗೆ ಕೈತುಂಬ ಕುಂಕುಮ ಏರಿಸಿದ್ದರು. ಅದು ನಿಧಾನವಾಗಿ ಒಳಗಿಳಿದು, ಎರಡು ತಿಂಗಳಾದಮೇಲೆ ಸೆಟ್ಟು ಕೆಮ್ಮತೊಡಗಿತು. ಶಿಕಾರಿಪುರಕ್ಕೆ ತಂದು ಬಿಚ್ಚಿದರೆ ದ್ಯಾವಪ್ಪ ಕೈಮುಗಿದು, ಆಮೇಲೆ ಬ್ರಷ್ ತಗೊಂಡ. ಒಳಗೆಲ್ಲ ಚೊಕ್ಕಟ ಮಾಡಿ, ಪೆಟ್ಟಿಗೆಗೆ ಪಾಲಿಶ್ ಕೊಟ್ಟು, ಕುಬಟೂರಿಗೆ ವಾಪಸು ಕಳಿಸಲು ಸಿದ್ಧ ಮಾಡಿ ಇಟ್ಟಿದ್ದೆವು. ಈ ಸೆಟ್ಟು ನೆನಪಿನಲ್ಲಿರಲಿ, ಮುಂದಿನ ಕಥೆಯೆಲ್ಲ ಇದರದೇ.

ನಮ್ಮ ಮೇಲಧಿಕಾರಿ ಶಿವಮೊಗ್ಗದ ಇಂಜಿನಿಯರ್ ಶೇಷಗಿರಿ ರಾಯರು. ಸಣಕಲು ದೇಹ, ತಗ್ಗಿದ ದನಿ. ಅವರು ಗದರಿಸಿದ್ದನ್ನು ನಾನು ಕಂಡಿಲ್ಲ, ಆದರೆ ಅವರು ಸುಮ್ಮನಾದರೆ ನಮಗೆ ಬೆವರಿಳಿಯುತ್ತಿತ್ತು. ಸೊರಬದ ಕಡೆಗೆ ಎರಡನೇ ಮೆಕ್ಯಾನಿಕ್ ಬೇಕೆಂದು ನಾನು ಬರೆದೂ ಬರೆದೂ ಸಾಕಾಗಿ, ಕೊನೆಗೊಂದು ಜನವರಿಯಲ್ಲಿ ಹುದ್ದೆ ಮಂಜೂರಾಯಿತು. ಸಂದರ್ಶನ ಶಿಕಾರಿಪುರದಲ್ಲೇ ಆಗಲಿ, ಅದೂ ಮಧ್ಯಾಹ್ನ ಎರಡರ ಮೇಲೆ, ಸ್ಟೇಷನ್ ಇಲ್ಲದ ಹೊತ್ತಿನಲ್ಲಿ ಎಂದು ರಾಯರು ಬರೆದರು. ಹಾಡು ಬರುತ್ತಿರುವಾಗ ರಿಪೇರಿ ಯಾರು ಬೇಕಾದರೂ ಮಾಡುತ್ತಾರೆ, ನಮಗೆ ಬೇಕಾದವನು ಸದ್ದಿಲ್ಲದ ಹೊತ್ತಿನಲ್ಲಿ ತಿಳಿಯಬಲ್ಲವನು ಎಂಬುದು ಅವರ ವಾದ. ಪರೀಕ್ಷೆಯ ಕ್ರಮವನ್ನೂ ಅವರೇ ಹೇಳಿದ್ದರು. ದೋಷವಿರುವ ಒಂದು ಸೆಟ್ಟನ್ನು ಒಳಕೋಣೆಯಲ್ಲಿ ಇಡಬೇಕು. ಒಬ್ಬೊಬ್ಬರಿಗೂ ಕಾಲು ಗಂಟೆ. ಬೆಸುಗೆ ಹಾಕುವಂತಿಲ್ಲ, ಏನನ್ನೂ ಕೀಳುವಂತಿಲ್ಲ. ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ನಮ್ಮ ಮುಂದೆ ಬರಬೇಕು.

ದೋಷ ಹೂಡುವ ಕೆಲಸ ನನ್ನದು. ಕಚೇರಿಯಲ್ಲಿ ಬಿಡಿಯಾಗಿ ಒಂದು ಹಳೆಯ ಸೆಟ್ಟಿತ್ತು, ಕುಬಟೂರಿನ ಸೆಟ್ಟಿನದೇ ಮಾದರಿ. ಹಿಂದಿನ ದಿನ ಅದನ್ನು ಬಿಚ್ಚಿ, ಹೊರಗಿನ ಏರಿಯಲ್ ತಂತಿ ಬಂದು ಸೇರುವ ಸುರುಳಿಯ ಕೆಳತುದಿಯ ಬೆಸುಗೆಯನ್ನು ಬಿಡಿಸಿದೆ. ಬಿಡಿಸಿ, ಮೇಲಿಂದ ನೋಡಿದರೆ ಕೂಡಿಕೊಂಡಂತೆಯೇ ಕಾಣುವ ಹಾಗೆ ಮೇಣ ಮೆತ್ತಿದೆ. ಅಷ್ಟು ನಾಜೂಕಿನ ಕೆಲಸ ಅದುವರೆಗೆ ನಾನು ಮಾಡಿರಲಿಲ್ಲ. ಗುಟ್ಟು ಹೊರಗೆ ಹೋಗಬಾರದೆಂದು ದ್ಯಾವಪ್ಪನಿಗೂ ಹೇಳಲಿಲ್ಲ. ಆದರೆ ಸಂಜೆ ನಿಲ್ದಾಣದ ಹೋಟೆಲಿನಲ್ಲಿ ಗೆಳೆಯನೊಬ್ಬ ಸಿಕ್ಕ. ಅವನಿಗೆ ರೇಡಿಯೋ ಅಂದರೆ ಏನೂ ಗೊತ್ತಿಲ್ಲ, ಅಂಥವನಿಗೆ ಹೇಳಿದರೆ ಏನಾಗುತ್ತದೆ ಎಂದು ಸುರುಳಿ, ಬೆಸುಗೆ, ಮೇಣ ಎಲ್ಲವನ್ನೂ ವರ್ಣಿಸಿದೆ. ಅವನು ಆಕಳಿಸುತ್ತಾ ಕೇಳಿಸಿಕೊಂಡ. ಬಾಯಿಚಪಲ ನನಗೆ ಮೊದಲಿನಿಂದಲೂ ಇದೆ. ಗೊತ್ತಿರಬೇಕಾದ ಒಬ್ಬನಿಗೆ ಹೇಳದೆ, ಗೊತ್ತಾಗಬಾರದ ಜಾಗದಲ್ಲಿ ಹೇಳಿದೆ.

ಮರುದಿನ ರಾಯರು ಬಂದರು. ನಾಲ್ಕು ಜನ ಅಭ್ಯರ್ಥಿಗಳು. ದ್ಯಾವಪ್ಪ ಒಳಕೋಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಸೆಟ್ಟು ಇಟ್ಟಿದ್ದ. ನಾವಿಬ್ಬರೂ ಹೊರಕೋಣೆಯಲ್ಲಿ ಕೂತೆವು.

ಮೊದಲು ಬಂದವನು ಪ್ರಭಾಕರ ಎಂಬ ಯುವಕ. ಡಿಪ್ಲೊಮಾ ಮಾಡಿದ್ದ, ಚೆನ್ನಾಗಿ ಮಾತಾಡುತ್ತಿದ್ದ. ಚೀಟಿಯಲ್ಲಿ "ಏರಿಯಲ್ ಸುರುಳಿಯ ಕೆಳತುದಿಯ ಬೆಸುಗೆ ಬಿಟ್ಟಿದೆ" ಎಂದು ಬರೆದಿದ್ದ. ಅದನ್ನು ಓದಿ ನನಗೆ ರೋಮಾಂಚನವಾಯಿತು. ಇಷ್ಟು ಬೇಗ, ಅದೂ ಮೇಣದ ಕೆಳಗಿದ್ದದ್ದನ್ನು! ರಾಯರ ಕಿವಿಯ ಹತ್ತಿರ ಬಾಗಿ, ಅದೇ ಸಾರ್, ಸರಿಯಾಗಿ ಅದೇ ಎಂದೆ. ಐವತ್ತಕ್ಕೆ ನಲವತ್ತೆಂಟು ಹಾಕಿದೆವು. ಎರಡನೆಯವನು ವಾಲ್ವು ಸೋತಿದೆ ಎಂದ, ಮೂರನೆಯವನು ಬ್ಯಾಟರಿ ಸೋತಿದೆ ಎಂದ. ಇಬ್ಬರೂ ಅದಕ್ಕೆ ಕಾರಣಗಳನ್ನು ಬಹಳ ಧೈರ್ಯವಾಗಿ ಕೊಟ್ಟರು. ತಪ್ಪಾದರೂ ಪ್ರಯತ್ನಪಟ್ಟಿದ್ದಾರೆ ಎಂದು ಅವರಿಗೂ ಒಂದಿಷ್ಟು ಅಂಕ ಕೊಟ್ಟೆ.

ಕೊನೆಗೆ ಬಂದವನು ಮೈಲಾರಪ್ಪ. ತೊಗರ್ಸಿ ಹತ್ತಿರದ ಒಂದು ಸಣ್ಣ ಹಳ್ಳಿಯವನು, ಕುರಿ ಸಾಕುವ ಮನೆತನ, ಜೊತೆಗೆ ಸ್ವಲ್ಪ ಬೇಸಾಯ. ಎರಡನೇ ಸಲಕ್ಕೆ ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಒಂದು ವರ್ಷ ರೇಡಿಯೋ ತರಬೇತಿ ಪಡೆದಿದ್ದ. ಅಷ್ಟರಲ್ಲಿ ಅಣ್ಣ ಕಾಲು ಮುರಿದುಕೊಂಡದ್ದರಿಂದ ಊರಿಗೆ ಮರಳಿ ಮೂರು ವರ್ಷ ಕುರಿಗಳ ಹಿಂದೆ ತಿರುಗಿದ್ದ. ಅವನ ಊರಿನ ಪಂಚಾಯಿತಿ ಸೆಟ್ಟಿನ ಬೀಗದ ಕೈ ಅವನ ಹತ್ತಿರವೇ ಇತ್ತು. ಯೋಚಿಸಿದರೆ, ಆ ಊರಿನಿಂದ ನನಗೆ ಒಂದು ಕಾರ್ಡೂ ಬಂದಿರಲಿಲ್ಲ. ಆದರೆ ನಾನು ಆಗ ಯೋಚಿಸಲಿಲ್ಲ.

ರಾಯರು ಅರ್ಜಿ ನೋಡಿ, ಈ ತಿಂಗಳ ಕೊನೆಗೆ ನಿನಗೆ ವಯಸ್ಸು ಮೀರುತ್ತದಲ್ಲ ಎಂದರು.

"ಹೌದ್ರಿ ಸಾರ್. ಇದು ತಪ್ಪಿದ್ರ ಮತ್ತ ಸರ್ಕಾರಿ ಅರ್ಜಿ ಹಾಕಾಕ ಬರಾಂಗಿಲ್ಲ."

ಯಾವ ದೈನ್ಯವೂ ಇಲ್ಲದೆ ಹೇಳಿ ಚೀಟಿ ಕೊಟ್ಟ. ಅದರಲ್ಲಿ "ಸೆಟ್ಟಿನಲ್ಲಿ ದೋಷವಿಲ್ಲ. ಹಾಗೇ ಊರಿಗೆ ಕಳಿಸಬಹುದು" ಎಂದಿತ್ತು.

ರಾಯರು ಚೀಟಿಯನ್ನು ಎರಡು ಸಲ ಓದಿದರು. ಪರೀಕ್ಷೆಗೆಂದೇ ಇಟ್ಟ ಸೆಟ್ಟಪ್ಪ ಅದು, ಇನ್ನೊಮ್ಮೆ ನೋಡು ಎಂದು ಮತ್ತೆ ಹತ್ತು ನಿಮಿಷ ಕೊಟ್ಟು ಕಳಿಸಿದರು. ಬೇರೆ ಯಾರಿಗೂ ಸಿಗದ ಅವಕಾಶ ಅದು. ಅವನು ಐದೇ ನಿಮಿಷಕ್ಕೆ ವಾಪಸು ಬಂದ.

"ಇಲ್ರಿ ಸಾರ್. ಏರಿಯಲ್ ತಂತಿ ಮುಟ್ಟಿಸಿದ್ರ ಕರಕರ ಜಾಸ್ತಿ ಆಗ್ತತಿ, ಬಿಡಿಸಿದ್ರ ಕಮ್ಮಿ ಆಗ್ತತಿ. ಅಂದ್ರ ಹೊರಗಿಂದು ಒಳಗ ಬರಾಕ ಹತ್ತೈತಿ. ಸ್ಟೇಷನ್ ಬಂದ್ರ ಇದು ಮಾತಾಡ್ತತಿ."

ಎಷ್ಟು ಸರಿಯಾದ ಮಾತು ನೋಡಿ. ಏರಿಯಲ್ ಸುರುಳಿ ತುಂಡಾಗಿದ್ದರೆ ತಂತಿ ಮುಟ್ಟಿಸಿದರೂ ಬಿಟ್ಟರೂ ಸದ್ದಿನಲ್ಲಿ ವ್ಯತ್ಯಾಸ ಬರಬಾರದು. ಬರುತ್ತಿದೆ ಎಂದರೆ ಸುರುಳಿ ಸರಿಯಿದೆ ಎಂದೇ ಅರ್ಥ. ಆದರೆ ಸುರುಳಿ ತುಂಡಾಗಿದೆ ಎಂಬುದು ನನಗೆ ಗೊತ್ತಿತ್ತಲ್ಲ! ನಾನೇ ತುಂಡು ಮಾಡಿದವನು. ಆದ್ದರಿಂದ ಇವನು ಕೇಳದ ಸದ್ದನ್ನು ಕೇಳಿದೆ ಎನ್ನುತ್ತಿದ್ದಾನೆ, ಹಳ್ಳಿಯ ಜಂಬ ಇದು ಅಂದುಕೊಂಡೆ. ಉಳಿದವರೆಲ್ಲ ಏನಾದರೂ ಒಂದು ಹೇಳಿದ್ದಾರೆ, ನೀನೂ ಊಹೆ ಮಾಡಿ ಹೇಳಬಾರದೇ ಎಂದೆ.

ಅವನು ನನ್ನ ಕಡೆ ತಿರುಗಿದ. "ಊಹೆ ಮಾಡಿ ಹೇಳಿದ್ರ ಅದನ್ನ ಬಿಚ್ಚಬೇಕಾಗ್ತತಿ ಸಾರ್. ಚೆನ್ನಾಗಿರೋದನ್ನ ಬಿಚ್ಚಾದು ತಪ್ಪು."

ನನಗೆ ಸಿಟ್ಟು ಬಂತು. ನನ್ನ ಕೈಚಳಕವನ್ನು ಇಲ್ಲವೇ ಇಲ್ಲ ಎಂದುಬಿಟ್ಟನಲ್ಲ ಎಂಬ ಸಿಟ್ಟು. ಅವನು ಹೊರಗೆ ಹೋದಮೇಲೆ ರಾಯರು ಪೆನ್ಸಿಲ್ ಮೇಜಿನ ಮೇಲೆ ಇಟ್ಟು, ಸೆಟ್ಟು ನೀವೇ ನೋಡಿ ಇಟ್ಟದ್ದು ತಾನೇ ಎಂದು ಕೇಳಿದರು. ನಾನೇ ಸಾರ್ ಎಂದೆ. ಒಳಕೋಣೆ ನಾನು ಕೂತಲ್ಲಿಂದ ಹತ್ತು ಹೆಜ್ಜೆ. ಎದ್ದು ಹೋಗಿ ನೋಡಿ ಬಂದು ಹೇಳಬಹುದಿತ್ತು. ಕುರ್ಚಿಯಿಂದ ಅಲುಗಾಡದೆ ಹೇಳಿದೆ. ಆಮೇಲೆ ಮೈಲಾರಪ್ಪನ ಹೆಸರಿನ ಮುಂದೆ ಐವತ್ತಕ್ಕೆ ಸೊನ್ನೆ ಬರೆದೆ. ರಾಯರು ಪಟ್ಟಿಗೆ ಸಹಿ ಹಾಕಿ ಕೈಚೀಲದಲ್ಲಿ ಇಟ್ಟುಕೊಂಡು ಪ್ರವಾಸಿ ಬಂಗಲೆಗೆ ಹೋದರು. ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುವವರಿದ್ದರು.

ಆರು ಗಂಟೆಯ ಹೊತ್ತಿಗೆ ನಾನು ಒಳಕೋಣೆಗೆ ಹೋದೆ. ಬಿಡಿಸಿದ್ದ ಬೆಸುಗೆಯನ್ನು ಮತ್ತೆ ಕೂಡಿಸಿ ಸೆಟ್ಟನ್ನು ಸರಿ ಮಾಡಿಡೋಣ ಎಂದು. ಸುಮ್ಮನೆ ಗುಂಡಿ ತಿರುಗಿಸಿದೆ. ಒಂದು ಕ್ಷಣ ಬುಸ್ ಎಂದಿತು. ಆಮೇಲೆ ಯಾರೋ ಒಬ್ಬರು ಬೇಸಿಗೆ ಭತ್ತಕ್ಕೆ ಗೊಬ್ಬರ ಹಾಕುವ ಕ್ರಮವನ್ನು ನಿಧಾನವಾಗಿ, ಸ್ಪಷ್ಟವಾಗಿ ವಿವರಿಸತೊಡಗಿದರು. ಒಂದು ಅಕ್ಷರವೂ ಒಡೆಯಲಿಲ್ಲ. ಸೆಟ್ಟನ್ನು ತಿರುಗಿಸಿ ಬೆನ್ನು ನೋಡಿದೆ. ಬಿಳಿ ಬಣ್ಣದಲ್ಲಿ ಕುಬಟೂರು ಎಂದು ಬರೆದಿತ್ತು.

ದ್ಯಾವಪ್ಪನನ್ನು ಕೂಗಿದೆ. ಅವನು ಏನೂ ಅರಿಯದವನಂತೆ ಬಂದು ನಿಂತ, ಅವನಿಗೆ ಏನೂ ಗೊತ್ತಿರಲೂ ಇಲ್ಲ.

"ಆ ಹಳೇದಕ್ಕ ಗೀರು ಬಿದ್ದಾವಲ್ರಿ. ಸಾಹೇಬ್ರ ಮುಂದ ಇಡಾಕ ಚಂದ ಕಾಣಂಗಿಲ್ಲ ಅಂತ ಇದನ್ನ ಇಟ್ಟೆ. ನೀವೇನೂ ಹೇಳಿರಲಿಲ್ಲ."

ಹೌದು, ನಾನೇನೂ ಹೇಳಿರಲಿಲ್ಲ. ಹಳೆಯ ಸೆಟ್ಟು ಕಪಾಟಿನ ಮೂಲೆಯಲ್ಲಿತ್ತು. ನಾನು ಮೆತ್ತಿದ ಮೇಣ ಮೆತ್ತಿದ ಹಾಗೇ ಇತ್ತು. ಬೆಳಿಗ್ಗೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸರಿಯಾಗಿರುವ ಸೆಟ್ಟಿನ ಮುಂದೆ ನಾಲ್ಕು ಜನರನ್ನು ಕೂರಿಸಿದ್ದೆವು. ಮೂವರು ಅದರಲ್ಲಿ ಇಲ್ಲದ ರೋಗ ಕಂಡಿದ್ದರು. ಒಬ್ಬ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಒತ್ತಾಯ ಮಾಡಿದರೂ ಮಾತು ಬದಲಿಸಿರಲಿಲ್ಲ. ಅವನಿಗೆ ನಾನು ಸೊನ್ನೆ ಹಾಕಿದ್ದೆ.

ಇನ್ನೊಂದು ವಿಷಯ ಹೊಳೆಯಲು ಐದು ನಿಮಿಷ ಬೇಕಾಯಿತು. ಪ್ರಭಾಕರ ಬರೆದದ್ದು ನಾನು ಹೂಡಿದ್ದ ದೋಷವನ್ನೇ. ಆ ದೋಷ ಅವನ ಮುಂದಿದ್ದ ಸೆಟ್ಟಿನಲ್ಲಿ ಇರಲೇ ಇಲ್ಲ. ಹಾಗಾದರೆ ಅವನಿಗೆ ಅದು ಸೆಟ್ಟಿನಿಂದ ತಿಳಿದದ್ದಲ್ಲ, ನನ್ನ ಬಾಯಿಂದ ತಿಳಿದದ್ದು. ಹಿಂದಿನ ಸಂಜೆಯ ಹೋಟೆಲು ನೆನಪಾಯಿತು. ವರ್ಷ ಕಳೆದಮೇಲೆ ಅವನೇ ಒಪ್ಪಿಕೊಂಡ, ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಿವಿಗೆ ಬಿದ್ದದ್ದನ್ನು ಬಳಸಿಕೊಂಡ. ಮುಂದೆ ಕೆಟ್ಟ ಕೆಲಸಗಾರನೂ ಆಗಲಿಲ್ಲ, ಹೇಳಿದ್ದನ್ನು ಮಾಡುತ್ತಿದ್ದ, ಅಷ್ಟೆ.

ಆ ಸಂಜೆಯೇ ಬಂಗಲೆಗೆ ಹೊರಟೆ. ಕೆರೆ ಏರಿಯವರೆಗೆ ನಡೆದೆ. ಅಲ್ಲಿ ನಿಂತು, ರಾಯರಿಗೆ ಏನೆಂದು ಹೇಳುವುದು ಎಂದು ಜೋಡಿಸಿಕೊಳ್ಳತೊಡಗಿದೆ. ಸೆಟ್ಟು ಬದಲಾಗಿದ್ದನ್ನು ನೋಡಲಿಲ್ಲ, ಸರಿ. ಗುಟ್ಟನ್ನು ಹೋಟೆಲಿನಲ್ಲಿ ಒದರಿದೆ. ನೀವು ಕೇಳಿದಾಗ ಏಳದೆ ಸುಳ್ಳು ಹೇಳಿದೆ. ಮೂರನ್ನೂ ಒಟ್ಟಿಗೆ ಹೇಳಬೇಕು, ಒಂದನ್ನು ಬಿಟ್ಟರೂ ಉಳಿದದ್ದು ಅರ್ಥವಾಗುವುದಿಲ್ಲ. ನನ್ನ ನೌಕರಿ ಖಾಯಂ ಆಗುವ ಕಾಗದ ಅದೇ ರಾಯರ ಮೇಜಿನ ಮೇಲಿತ್ತು. ಬೆಳಿಗ್ಗೆ ಬಸ್ಸಿನ ಹತ್ತಿರ ಹೇಳಿದರಾಯಿತು ಎಂದು ತಿರುಗಿ ಬಂದೆ. ಬೆಳಿಗ್ಗೆ ಬಸ್ಸಿನ ಹತ್ತಿರ ಜನ ಇದ್ದರು. ನಮಸ್ಕಾರ ಮಾಡಿ ಕೈಬೀಸಿದೆ.

ಆಮೇಲೆ ದಿನಗಳು ಹೋದವು. ಕಾಗದ ಬರೆದು ಹರಿದೆ. ಇನ್ನೊಂದು ಬರೆದು, ಅದರಲ್ಲಿ ತಪ್ಪೆಲ್ಲ ದ್ಯಾವಪ್ಪನದು ಎಂಬಂತೆ ಆಗಿದ್ದರಿಂದ ಅದನ್ನೂ ಹರಿದೆ. ಕುಬಟೂರಿಗೆ ಹೋಗಿ ಸೆಟ್ಟು ಕೊಟ್ಟು ಬಂದೆ. ಪಟ್ಟಿ ಇನ್ನೂ ಶಿವಮೊಗ್ಗದಲ್ಲೇ ಇದ್ದೀತು, ನಾಳೆ ಹೋದರೂ ಆಗುತ್ತದೆ ಎಂದು ಪ್ರತಿದಿನ ಹೇಳಿಕೊಂಡೆ. ತಿಂಗಳು ಮುಗಿಯಲು ಎಷ್ಟು ದಿನ ಉಳಿದಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಗೋಡೆಯ ಕ್ಯಾಲೆಂಡರ್ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಎಂಟನೆಯ ದಿನ ಪ್ರಭಾಕರನ ನೇಮಕದ ಆದೇಶದ ಪ್ರತಿ ನಮ್ಮ ಕಚೇರಿಗೂ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಶಿವಮೊಗ್ಗದ ಬಸ್ಸು ಹತ್ತಿದೆ.

ರಾಯರು ಪೂರ್ತಿ ಕೇಳಿದರು. ಕೇಳಿ ಮುಗಿದಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಸಂಜೆ ಬಂದು ಬಾಗಿಲು ತಟ್ಟಿದ್ದರೆ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಹರಿದುಹಾಕಿ ಇನ್ನೊಂದು ಬರೆಯುತ್ತಿದ್ದೆ, ಎರಡು ನಿಮಿಷದ ಕೆಲಸ."

ಅಷ್ಟೇ ಅಂದದ್ದು. ಆದೇಶ ಹೊರಟಾಗಿತ್ತು, ಇದ್ದ ಒಂದು ಹುದ್ದೆ ತುಂಬಿಯಾಗಿತ್ತು. ಮುಂದೆ ತೆರೆಯಬಹುದಾದ ಇನ್ನೊಂದು ಹುದ್ದೆಗೆ ಮೈಲಾರಪ್ಪನನ್ನು ವಯಸ್ಸಿನ ಮಿತಿ ಸಡಿಲಿಸಿ ಪರಿಗಣಿಸಬೇಕೆಂದು ಮೇಲಿನ ಕಚೇರಿಗೆ ಒಂದು ಕಾಗದವನ್ನು ಅಲ್ಲೇ ಬರೆಸಿದರು. ಒಪ್ಪುವ ಭರವಸೆ ಕಡಿಮೆ ಎಂದೂ ಹೇಳಿದರು. ನನ್ನ ಖಾಯಂ ಕಾಗದಕ್ಕೆ ಮುಂದಿನ ತಿಂಗಳು ಸಹಿ ಬಿತ್ತು. ಬೀಳದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಟ್ರಾನ್ಸಿಸ್ಟರ್ ಬಂತು, ವಾಲ್ವು ಹೋಯಿತು, ಇಟ್ಟಿಗೆಯಂಥ ಬ್ಯಾಟರಿಗಳೂ ಹೋದವು. ಜನರನ್ನು ಆರಿಸುವ ಸರದಿ ನನಗೇ ಬಂತು. ಯಂತ್ರ ಯಾವುದಾದರೂ ಇರಲಿ, ಪರೀಕ್ಷೆಗೆ ಇಡುವವುಗಳ ನಡುವೆ ಪೂರ್ತಿ ಸರಿಯಾಗಿರುವ ಒಂದನ್ನು ಬೇಕೆಂದೇ ಇಡುತ್ತಿದ್ದೆ. ಅದಕ್ಕಾಗಿ ನನ್ನನ್ನು ಕುತಂತ್ರಿ ಎಂದವರಿದ್ದಾರೆ. ಹೆಚ್ಚಿನವರು ಅದರಲ್ಲೂ ಏನಾದರೊಂದು ರೋಗ ಹುಡುಕಿ ಕೊಡುತ್ತಾರೆ, ಓದಿದಷ್ಟೂ ರೋಗದ ಹೆಸರು ಉದ್ದವಾಗಿರುತ್ತದೆ. ಎಲ್ಲೋ ಒಬ್ಬರು, ಎರಡು ಸಲ ನೋಡಿ, ಬೆವರಿ, ಇದು ಸರಿಯಾಗಿಯೇ ಇದೆ ಸಾರ್ ಎನ್ನುತ್ತಾರೆ. ಅವರೇ ಎದ್ದು ಕಾಣುವವರು. ಆದರೆ ಅವರು ಎದ್ದು ಕಾಣಬೇಕಾದರೆ ಎದುರಿಗೆ ಕೂತವನು ಹತ್ತು ಹೆಜ್ಜೆ ಎದ್ದು ಹೋಗಿ ನೋಡುವವನಾಗಿರಬೇಕು. ಇದನ್ನು ಜಗಲಿಗೆ ಬಂದ ಮಕ್ಕಳಿಗೆ ಹೇಗೆ ಹೇಳಲಿ? ಎದುರಿಗೆ ಯಾರು ಕೂರುತ್ತಾರೆ ಎಂಬುದು ಅವರ ಕೈಯಲ್ಲಿಲ್ಲ.

ಶಿವಮೊಗ್ಗದಿಂದ ಬಂದ ಮರುದಿನ ಮೈಲಾರಪ್ಪನ ಊರಿಗೆ ಹೋದೆ. ಅಣ್ಣ ಕುಂಟುತ್ತಾ ಹೊರಗೆ ಬಂದು, ಅವನು ಮಂದೆ ಹೊಡಕೊಂಡು ಸೊರಬದ ಕಡೆ ಹೋಗಿದ್ದಾನೆ ಎಂದ. ಕೊಯ್ಲಾದ ಗದ್ದೆಗಳಲ್ಲಿ ರಾತ್ರಿ ಕುರಿ ತಂಗಿಸಿದರೆ ಗೊಬ್ಬರವಾಗುತ್ತದೆ, ಆ ದಿನಗಳಲ್ಲಿ ರೈತರು ಕರೆಸಿಕೊಳ್ಳುತ್ತಾರೆ. ಕೇಳುತ್ತಾ ಕೇಳುತ್ತಾ ಹೋಗಿ ಕೊನೆಗೆ ಹೊಸಬಾಳೆಯ ಗದ್ದೆಬಯಲಿನಲ್ಲಿ ಸಿಕ್ಕ. ಮಧ್ಯಾಹ್ನ ಮೂರರ ಸುಮಾರು. ಸಂಜೆ ಕುರಿ ಕೂಡಿಹಾಕಲು ಬಲೆ ಕಟ್ಟಬೇಕಲ್ಲ, ಅದಕ್ಕೆ ಮರದ ಕೊಡತಿಯಿಂದ ಗೂಟ ಹೊಡೆಯುತ್ತಿದ್ದ.

ನಿಂತಲ್ಲೇ ಎಲ್ಲ ಹೇಳಿದೆ. ಸೆಟ್ಟು ಬದಲಾದದ್ದು, ಹೋಟೆಲು, ರಾಯರ ಪ್ರಶ್ನೆ, ನನ್ನ ಉತ್ತರ, ಯಾವುದನ್ನೂ ಬಿಡಲಿಲ್ಲ. ಅವನು ಕೊಡತಿ ಕೆಳಗಿಟ್ಟು ಕೇಳಿದ. ಮುಗಿದಮೇಲೆ ಅವನು ಮೊದಲು ಕೇಳಿದ್ದು ನೌಕರಿಯ ವಿಷಯವನ್ನಲ್ಲ.

"ಸಂಜಿಗೆ ಮಾತಾಡ್ತೇನ್ರಿ ಅದು?"

"ಮಾತಾಡಿತು. ಸ್ಪಷ್ಟವಾಗಿ ಮಾತಾಡಿತು," ಎಂದೆ.

ಅವನ ಮುಖ ಸ್ವಲ್ಪ ಸಡಿಲವಾಯಿತು. ಅವನೂ ನನ್ನ ಹಾಗೆಯೇ, ತಾನು ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗದೆ ಬಸ್ಸು ಹತ್ತಿದವನು. ಒಂಬತ್ತು ದಿನ ಅದನ್ನೇ ಯೋಚಿಸಿದ್ದಿರಬೇಕು. ನನಗೆ ಧೈರ್ಯ ಬಂತು. ರಾಯರು ಬರೆಸಿದ ಕಾಗದದ ವಿಷಯ ಹೇಳಿದೆ, ಆದರೂ ಆದೀತು ಎಂದೆ. ಅವನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ, ಏನೋ ಲೆಕ್ಕ ಹಾಕುತ್ತಿದ್ದ.

"ನಿಮಗ ಗೊತ್ತಾಗಿದ್ದು ಯಾವತ್ರಿ?"

"ಅವತ್ತೇ ಸಂಜೆ," ಎಂದೆ. ಅಲ್ಲಿಯವರೆಗೆ ಹೇಳಿದ್ದರಲ್ಲಿ ಅದೊಂದನ್ನೇ ನಾನು ನುಂಗಿಕೊಂಡಿದ್ದೆ ಎಂಬುದು ನನಗೂ ಆಗಲೇ ತಿಳಿದದ್ದು.

ಅವನು ಬಗ್ಗಿ ಕೊಡತಿ ಎತ್ತಿಕೊಂಡ.

"ಸೆಟ್ಟು ಅವತ್ತ ಸಂಜಿಗೆ ಮಾತಾಡ್ತು. ನಿಮಗ ಮಾತಾಡಾಕ ಎಂಟು ದಿನ ಬೇಕಾತು ನೋಡ್ರಿ."

ದನಿ ಏರಿಸಲಿಲ್ಲ. ಮುಂದಿನ ಗೂಟದ ಕಡೆ ಹೋಗಿ ಹೊಡೆಯತೊಡಗಿದ. ಅವನು ತಿರುಗಿ ನೋಡಲಿಲ್ಲ, ನಾನು ನಾಲ್ಕು ಗಂಟೆಯ ಬಸ್ಸಿಗೆ ನಡೆದೆ.

ಮೇಲಿನ ಕಚೇರಿಯ ಉತ್ತರ ಮಾರ್ಚಿನಲ್ಲಿ ಬಂತು. ಅರ್ಜಿದಾರರ ವಯಸ್ಸು ಮೀರಿರುವುದರಿಂದ ಮನವಿಯನ್ನು ಪರಿಗಣಿಸಲು ಸಾಧ್ಯವಿಲ್ಲ ಎಂದು ಎರಡು ಸಾಲು. ಕಚೇರಿಗೆ ಬಂದ ಕಾಗದಕ್ಕೆ ಅದೇ ದಿನ ಉತ್ತರ ಬರೆಯುವ ಅಭ್ಯಾಸ ಅಷ್ಟರಲ್ಲಿ ನನಗೆ ಹತ್ತಿಬಿಟ್ಟಿತ್ತು. ಹಾಳೆ ತೆಗೆದು, ಪೆನ್ನಿಗೆ ಮಸಿ ತುಂಬಿ ಕೂತೆ. ಆ ಕಾಗದಕ್ಕೆ ಯಾರೂ ಉತ್ತರ ಕೇಳಿರಲಿಲ್ಲ.